ಬರಿಗಾಲ ಓಟಗಾರರನ್ನು ಹಡಗು ಹತ್ತಿಸಿದ ಉದ್ಯಮಿ: ಸರ್ ದೊರಾಬ್ಜಿ ಟಾಟಾ

ಮುಂಬಯಿಯಲ್ಲಿ ನೆಲೆಸಿದ ನಮ್ಮ ತುಳು-ಕನ್ನಡಿಗರಲ್ಲಿ ಟಾಟಾ ಎಂಬ ಹೆಸರನ್ನು ಕೇಳದವರಿಲ್ಲ. ಊರಿನಿಂದ ಚಿಕಿತ್ಸೆಗೆಂದು ಬಂದ ನೆಂಟರಿಷ್ಟರನ್ನು ಪರೇಲಿನ ಟಾಟಾ ಆಸ್ಪತ್ರೆಗೆ ಕರೆದೊಯ್ದು, ಫೈಲು ಹಿಡಿದುಕೊಂಡು ಸಾಲಿನಲ್ಲಿ ನಿಂತ ಅನುಭವ ಹೆಚ್ಚಿನ ಮನೆಗಳಲ್ಲಿ ಒಬ್ಬರಿಗಾದರೂ ಇದ್ದೇ ಇರುತ್ತದೆ. ಸಂಸ್ಥಾಪಕ ಜೆಮ್‌ಶೆಟ್‌ಜಿ ಟಾಟಾ, ಜೆ.ಆರ್.ಡಿ. ಟಾಟಾ, 2024ರ ಅಕ್ಟೋಬರಿನಲ್ಲಿ ನಮ್ಮನ್ನು ಅಗಲಿದ ರತನ್ ಟಾಟಾ, ಈ ಮೂವರ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಇವರ ನಡುವೆ ಸ್ವಲ್ಪ ಮರೆಯಲ್ಲಿ ಉಳಿದವರು ಜೆಮ್‌ಶೆಟ್‌ಜಿಯವರ ಹಿರಿಯ ಮಗ ಸರ್ ದೊರಾಬ್ಜಿ ಟಾಟಾ. ತಂದೆ ಕಂಡ ಕನಸುಗಳನ್ನು ನನಸು ಮಾಡಿದ ಮಗ, ಮೈಸೂರು ಸೀಮೆಯಿಂದ ಹೆಣ್ಣು ತಂದ ಅಳಿಯ, ಮುಂಬಯಿಯ ಶಾಲಾ ಮಕ್ಕಳಿಗೆ ಆಟದ ರುಚಿ ಹತ್ತಿಸಿದ ಉದ್ಯಮಿ, ಬೆಳಗಾವಿಯ ಓಟಗಾರನೊಬ್ಬನನ್ನು 1920ರಷ್ಟು ಹಿಂದೆಯೇ ಒಲಿಂಪಿಕ್ಸ್‌ಗೆ ಕಳುಹಿಸಿದ ಮಹನೀಯ ಇವರೇ. ಆಗಸ್ಟ್ 27 ಅವರ ಜನ್ಮದಿನ.

ದೊರಾಬ್ಜಿ ಹುಟ್ಟಿದ್ದು 1859ರಲ್ಲಿ, ಇದೇ ಬೊಂಬಾಯಿಯಲ್ಲಿ. ತಾಯಿ ಹೀರಾಬಾಯಿ. ತಮ್ಮ ರತನ್‌ಜಿ ಹುಟ್ಟಿದ್ದು 1871ರಲ್ಲಿ, ಅಂದರೆ ಅಣ್ಣ ತಮ್ಮಂದಿರ ನಡುವೆ ಹನ್ನೊಂದು ವರ್ಷಗಳಿಗೂ ಹೆಚ್ಚಿನ ಅಂತರ. ಇಲ್ಲಿನ ಪ್ರೊಪ್ರೈಟರಿ ಹೈಸ್ಕೂಲಿನಲ್ಲಿ ಓದಿದ ಹುಡುಗನನ್ನು ತಂದೆ 1875ರಲ್ಲಿ ಇಂಗ್ಲೆಂಡಿಗೆ ಕಳುಹಿಸಿದರು. ಎರಡು ವರ್ಷಗಳ ಬಳಿಕ ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜಿಗೆ ಸೇರ್ಪಡೆ. ಅಲ್ಲಿ ಅವರು ಪುಸ್ತಕದಷ್ಟೇ, ಬಹುಶಃ ಪುಸ್ತಕಕ್ಕಿಂತ ಹೆಚ್ಚಾಗಿ, ಮೈದಾನವನ್ನು ಹಚ್ಚಿಕೊಂಡರು. ಕ್ರಿಕೆಟ್, ಫುಟ್‌ಬಾಲ್, ಟೆನಿಸ್, ದೋಣಿ ಹುಟ್ಟು ಹಾಕುವುದು, ಕುದುರೆ ಸವಾರಿ, ಹೀಗೆ ಅವರು ಕೈ ಹಾಕದ ಆಟವಿರಲಿಲ್ಲ. 1879ರಲ್ಲಿ ತಂದೆ ಮಗನನ್ನು ಹಿಂದಕ್ಕೆ ಕರೆಸಿಕೊಂಡರು. ಇಲ್ಲಿನ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದು ಮುಂದುವರಿಸಿ 1882ರಲ್ಲಿ ಪದವೀಧರರಾದರು.

ಶ್ರೀಮಂತರ ಮಗ ನೇರವಾಗಿ ಅಪ್ಪನ ಗಾದಿಯ ಮೇಲೆ ಕುಳಿತ ಎಂದು ಯಾರೂ ತಿಳಿಯಬೇಕಿಲ್ಲ. ಪದವಿಯ ಬಳಿಕ ದೊರಾಬ್ಜಿ ಮಾಡಿದ ಮೊದಲ ಕೆಲಸ ಪತ್ರಿಕೆಯಲ್ಲಿ. ಎರಡು ವರ್ಷ 'ಬಾಂಬೆ ಗೆಜೆಟ್'ನಲ್ಲಿ ಪತ್ರಕರ್ತರಾಗಿ ದುಡಿದರು. 1884ರಲ್ಲಿ ತಂದೆಯ ಹತ್ತಿ ವ್ಯವಹಾರಕ್ಕೆ ಸೇರಿದಾಗ ಸಿಕ್ಕಿದ್ದು ಕುರ್ಚಿಯಲ್ಲ, ಪ್ರಯಾಣ. ಫ್ರೆಂಚರ ಆಳ್ವಿಕೆಯಲ್ಲಿದ್ದ ಪಾಂಡಿಚೇರಿಯಲ್ಲಿ ಹತ್ತಿ ಗಿರಣಿ ಹಾಕಿದರೆ ಗಿಟ್ಟುತ್ತದೆಯೇ ಎಂದು ನೋಡಿ ಬರಲು ಅಲ್ಲಿಗೆ ಹೋದರು. ಆ ಬಳಿಕ ನಾಗಪುರದ ಎಂಪ್ರೆಸ್ ಮಿಲ್ಲಿನಲ್ಲಿ ಕೆಲಸ ಕಲಿತರು. ನಮ್ಮ ಹೊಟೇಲು ಉದ್ಯಮಿಗಳಲ್ಲಿ ಹಿರಿಯರು ಅನೇಕರು ತಮ್ಮ ಮಕ್ಕಳನ್ನು ಮೊದಲು ಕೌಂಟರಿಗೆ ಕೂರಿಸದೆ ಅಡುಗೆ ಮನೆಗೂ ತರಕಾರಿ ಮಾರುಕಟ್ಟೆಗೂ ಕಳುಹಿಸುತ್ತಿದ್ದ ಕ್ರಮ ಇದಕ್ಕಿಂತ ಬೇರೆಯಲ್ಲ.

ಮೈದಾನಕ್ಕಿಳಿದ ಶಾಲೆಗಳು

ಇಂಗ್ಲೆಂಡಿನಲ್ಲಿ ಹತ್ತಿದ ಆಟದ ಹುಚ್ಚನ್ನು ದೊರಾಬ್ಜಿ ಊರಿಗೆ ಬಂದ ಮೇಲೆ ತಮ್ಮೊಬ್ಬರ ಸಂತೋಷಕ್ಕೆಂದು ಇಟ್ಟುಕೊಳ್ಳಲಿಲ್ಲ. ಆ ಕಾಲದಲ್ಲಿ ಬೊಂಬಾಯಿಯ ಮೈದಾನಗಳಲ್ಲಿ ಆಡುತ್ತಿದ್ದವರು ಯಾರು? ಬಿಳಿಯರು ತಮ್ಮ ಜಿಮಖಾನಾದಲ್ಲಿ, ಪಾರ್ಸಿಗಳು ತಮ್ಮದರಲ್ಲಿ, ಹಿಂದೂಗಳೂ ಮುಸಲ್ಮಾನರೂ ತಂತಮ್ಮದರಲ್ಲಿ. ಕ್ಲಬ್ಬಿನ ಸದಸ್ಯನಲ್ಲದ ಶಾಲಾ ಹುಡುಗನಿಗೆ ಕ್ರಮಬದ್ಧವಾದ ಪಂದ್ಯ ಎಲ್ಲಿಂದ ಬರಬೇಕು? ದೊರಾಬ್ಜಿ ಕೆಲವು ಇಂಗ್ಲಿಷ್ ಸ್ನೇಹಿತರ ಬೆಂಬಲದಿಂದ ನಗರದ ಹೈಸ್ಕೂಲುಗಳನ್ನು ಒಟ್ಟುಗೂಡಿಸಿ ಶಾಲೆಗಳ ಕ್ರೀಡಾ ಸಂಘವೊಂದನ್ನು ಕಟ್ಟಿ, ಅದರ ಪ್ರಧಾನ ಕಾರ್ಯದರ್ಶಿಯ ಹೊಣೆಯನ್ನು ತಾವೇ ಹೊತ್ತರು. ಮೊದಲು ಕ್ರಿಕೆಟ್. ಬಳಿಕ ಓಟ, ಜಿಗಿತಗಳ ಸ್ಪರ್ಧೆಗಳು. ಒಲಿಂಪಿಕ್ಸ್‌ನಲ್ಲಿರುವ ಬಹುತೇಕ ಸ್ಪರ್ಧೆಗಳನ್ನು ತಾವು ಶಾಲಾ ಮಕ್ಕಳ ಕ್ರೀಡಾಕೂಟಕ್ಕೆ ಆಗಲೇ ತಂದಿದ್ದೆವು ಎಂಬ ಅರ್ಥದ ಮಾತನ್ನು ಅವರು ಮುಂದೆ 1929ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ನೆನಪಿಸಿಕೊಂಡಿದ್ದಾರೆ.

ಇದು 1890ರ ದಶಕದ ಮಾತು. ಸ್ವತಃ ಇಂಗ್ಲೆಂಡ್ ತಂಡದ ನಾಯಕರಾಗಿದ್ದ ಲಾರ್ಡ್ ಹ್ಯಾರಿಸ್ ಆಗ ಬೊಂಬಾಯಿಯ ಗವರ್ನರ್. ಅವರ ಹೆಸರಿನ ಹ್ಯಾರಿಸ್ ಶೀಲ್ಡ್, ಸಣ್ಣ ಪ್ರಾಯದ ಹುಡುಗರ ಗೈಲ್ಸ್ ಶೀಲ್ಡ್, ಇವೆರಡೂ ಶಾಲಾ ಕ್ರಿಕೆಟಿನ ಈ ಪರಂಪರೆಯಲ್ಲೇ ಬೆಳೆದು ಬಂದವು. 1988ರ ಫೆಬ್ರವರಿಯಲ್ಲಿ ಶಾರದಾಶ್ರಮ ವಿದ್ಯಾಮಂದಿರದ ಸಚಿನ್ ತೆಂಡೂಲ್ಕರ್ ಅಜೇಯ 326, ವಿನೋದ್ ಕಾಂಬ್ಳಿ ಅಜೇಯ 349 ರನ್ ಹೊಡೆದು 664 ರನ್ನುಗಳ ಜೊತೆಯಾಟ ಆಡಿದ್ದು ಇದೇ ಹ್ಯಾರಿಸ್ ಶೀಲ್ಡ್‌ನ ಸೆಮಿಫೈನಲ್‌ನಲ್ಲಿ, ಆಝಾದ್ ಮೈದಾನದಲ್ಲಿ. ಆ ದಿನಗಳಲ್ಲಿ ಫೋರ್ಟ್ ಭಾಗದಲ್ಲಿ ಕೆಲಸಕ್ಕಿದ್ದ ನಮ್ಮವರು ಊಟದ ಬಿಡುವಿನಲ್ಲಿ ಮೈದಾನದ ಬದಿಯಲ್ಲಿ ನಿಂತು ಹುಡುಗರ ಆಟ ನೋಡುತ್ತಿದ್ದುದುಂಟು. ಒಂದು ಪಂದ್ಯದ ಫೀಲ್ಡರು ಇನ್ನೊಂದು ಪಂದ್ಯದ ಅಂಪೈರಿನ ಬೆನ್ನಿಗೆ ಬೆನ್ನು ತಾಗಿಸಿ ನಿಂತಿರುವ ಆ ದೃಶ್ಯ ಮುಂಬಯಿಯಲ್ಲಲ್ಲದೆ ಬೇರೆಲ್ಲಿಯೂ ಕಾಣಸಿಗಲಾರದು. ಅದೇ ಮೈದಾನದಿಂದ ಕೂಗಳತೆಯ ದೂರದಲ್ಲಿದೆ ಟಾಟಾ ಕುಟುಂಬದ ಹಳೆಯ ಮನೆ ಎಸ್‌ಪ್ಲನೇಡ್ ಹೌಸ್. ಜೆಮ್‌ಶೆಟ್‌ಜಿ 1880ರ ದಶಕದಲ್ಲಿ ಕಟ್ಟಿಸಿದ ಆ ಕಟ್ಟಡ ಇಂದಿಗೂ ಗಟ್ಟಿಯಾಗಿ ನಿಂತಿದೆ. ಸಿ.ಎಸ್.ಎಂ.ಟಿ.ಯಲ್ಲಿ ಇಳಿದು ಆ ದಾರಿಯಲ್ಲಿ ನಡೆಯುವವರು ಒಮ್ಮೆ ಕತ್ತೆತ್ತಿ ನೋಡಬಹುದು.

ಮೈಸೂರಿನ ಸಂಬಂಧ

ಆಟ, ವ್ಯಾಪಾರ ಎಂದು ತಿರುಗುತ್ತಿದ್ದ ದೊರಾಬ್ಜಿಗೆ ಮದುವೆಯ ಯೋಗ ಕೂಡಿ ಬಂದದ್ದು ಪ್ರಾಯ ನಲವತ್ತಕ್ಕೆ ಹತ್ತಿರವಾದಾಗ. ಅದಕ್ಕೆ ಕಾರಣವಾದದ್ದು ನಮ್ಮ ಮೈಸೂರು ಸಂಸ್ಥಾನ. ವ್ಯವಹಾರದ ಕೆಲಸಕ್ಕೆ ಮೈಸೂರಿಗೆ ಹೋಗಿದ್ದ ಜೆಮ್‌ಶೆಟ್‌ಜಿಯವರಿಗೆ ಅಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಹೊರ್ಮಸ್‌ಜಿ ಭಾಭಾ ಅವರ ಪರಿಚಯವಿತ್ತು. ಅವರ ಮನೆಯಲ್ಲಿ ಮಗಳು ಮೆಹರ್‌ಬಾಯಿಯನ್ನು ಕಂಡು ಮೆಚ್ಚಿದ ಜೆಮ್‌ಶೆಟ್‌ಜಿ, ಬೊಂಬಾಯಿಗೆ ಮರಳಿದವರೇ ಮಗನಿಗೆ ಒಮ್ಮೆ ಭಾಭಾ ಅವರ ಮನೆಗೆ ಹೋಗಿ ಬಾ ಎಂದರು. ಯಾಕೆ ಎಂದು ಮಗ ಕೇಳಿದರೋ ಇಲ್ಲವೋ, ಅಪ್ಪನ ಇಂಗಿತ ಅರ್ಥವಾಗದಿರುವಷ್ಟು ಸಣ್ಣವರಂತೂ ಆಗಿರಲಿಲ್ಲ! ಮದುವೆ ನಡೆಯಿತು.

ಬೆಂಗಳೂರು, ಮೈಸೂರುಗಳಲ್ಲಿ ಓದಿ ಬೆಳೆದ ಮೆಹರ್‌ಬಾಯಿ ಗಂಡನಿಗೆ ಆಟದಲ್ಲೂ ಸರಿಜೋಡಿ. ಸೀರೆಯುಟ್ಟುಕೊಂಡೇ ಟೆನಿಸ್ ಅಂಗಳಕ್ಕಿಳಿದು ಅರುವತ್ತಕ್ಕೂ ಹೆಚ್ಚು ಬಹುಮಾನಗಳನ್ನು ಗೆದ್ದವರು ಅವರು. ನಮ್ಮ ಸಂಘಗಳ ಕ್ರೀಡಾಕೂಟದಲ್ಲಿ ಮಹಿಳೆಯರಿಗೆ ಲಿಂಬೆ-ಚಮಚ, ಸಂಗೀತ ಕುರ್ಚಿ ಇವೆರಡನ್ನು ಇಟ್ಟು ಮುಗಿಸುವವರು ಈ ಮಾತನ್ನು ಗಮನಿಸಬೇಕು. ಬಾಲ್ಯವಿವಾಹದ ವಿರುದ್ಧ, ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಪರವಾಗಿಯೂ ಅವರು ದುಡಿದರು. 1929ರ ಬಾಲ್ಯವಿವಾಹ ತಡೆ ಕಾಯ್ದೆಯ ಹಿಂದೆ ಅವರ ಪ್ರಯತ್ನವೂ ಇದೆ. ಅಣು ವಿಜ್ಞಾನಿ ಹೋಮಿ ಭಾಭಾ ಈ ಮೆಹರ್‌ಬಾಯಿಯ ಅಣ್ಣತಮ್ಮಂದಿರ ಪೈಕಿ ಜಹಾಂಗೀರರ ಮಗ, ಅಂದರೆ ದೊರಾಬ್ಜಿ ದಂಪತಿಗೆ ಸೋದರಳಿಯ.

ದಂಪತಿಗೆ ಮಕ್ಕಳಾಗಲಿಲ್ಲ.

ಅಪ್ಪ ಬಿಟ್ಟು ಹೋದ ಮೂರು ಕೆಲಸ

1904ರ ಮೇ 19ರಂದು ಜೆಮ್‌ಶೆಟ್‌ಜಿ ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ತೀರಿಕೊಂಡಾಗ ಅವರ ಮೂರು ದೊಡ್ಡ ಯೋಜನೆಗಳು ಕಾಗದದ ಮೇಲೆಯೇ ಉಳಿದಿದ್ದವು. ಕಬ್ಬಿಣ-ಉಕ್ಕಿನ ಕಾರ್ಖಾನೆ, ಪಶ್ಚಿಮ ಘಟ್ಟದ ನೀರಿನಿಂದ ವಿದ್ಯುತ್, ವಿಜ್ಞಾನದ ಉನ್ನತ ವಿದ್ಯಾಲಯ. ಅಪ್ಪನ ಶ್ರಾದ್ಧ ಮಾಡಿ ಆಸ್ತಿ ಹಂಚಿಕೊಳ್ಳುವ ಮಕ್ಕಳನ್ನು ನಾವು ಕಂಡಿದ್ದೇವೆ. ದೊರಾಬ್ಜಿ ತಮ್ಮ ರತನ್‌ಜಿಯನ್ನೂ ಜ್ಞಾತಿ ಸೋದರ ಆರ್.ಡಿ. ಟಾಟಾ ಅವರನ್ನೂ ಜೊತೆಗಿಟ್ಟುಕೊಂಡು ಮೂರನ್ನೂ ಪೂರೈಸಿದರು.

ಕಬ್ಬಿಣದ ಹುಡುಕಾಟದ ಕಥೆ ಸ್ವಾರಸ್ಯದ್ದು. ನಾಗಪುರದಲ್ಲಿ ಸರಕಾರಿ ಅಧಿಕಾರಿಯೊಬ್ಬರ ಭೇಟಿಗಾಗಿ ಕಾಯಬೇಕಾಗಿ ಬಂದಾಗ ಹೊತ್ತು ಕಳೆಯಲು ಎದುರಿನ ವಸ್ತು ಸಂಗ್ರಹಾಲಯಕ್ಕೆ ಹೊಕ್ಕ ದೊರಾಬ್ಜಿಗೆ ಅಲ್ಲಿ ತೂಗುಹಾಕಿದ್ದ ಭೂಗರ್ಭ ನಕ್ಷೆಯಲ್ಲಿ ದುರ್ಗ್ ಜಿಲ್ಲೆ ಗಾಢ ಬಣ್ಣದಲ್ಲಿ ಕಂಡಿತು. ಕಬ್ಬಿಣದ ಗುರುತು! ಅಮೆರಿಕದ ತಜ್ಞ ವೆಲ್ಡ್ ಅವರನ್ನು ಕರೆದುಕೊಂಡು ಕಾಡು ಹೊಕ್ಕರು. ಅಲ್ಲಿ ಕಬ್ಬಿಣ ಸಿಕ್ಕಿತು, ಆದರೆ ಕಾರ್ಖಾನೆಗೆ ಬೇಕಾದ ನೀರು, ಕಲ್ಲಿದ್ದಲು ಹತ್ತಿರದಲ್ಲಿರಲಿಲ್ಲ. ಕೊನೆಗೆ ಭೂವಿಜ್ಞಾನಿ ಪಿ.ಎನ್. ಬೋಸ್ ಅವರ ಪತ್ರ ಮಯೂರ್‌ಭಂಜ್‌ನ ದಾರಿ ತೋರಿಸಿತು. ಸುವರ್ಣರೇಖಾ, ಖರ್ಕಾಯಿ ನದಿಗಳು ಕೂಡುವಲ್ಲಿರುವ ಸಾಕ್ಚಿ ಎಂಬ ಹಳ್ಳಿ ಕಾರ್ಖಾನೆಯ ತಾಣವಾಯಿತು. 1907ರಲ್ಲಿ ಕಂಪೆನಿಯ ಸ್ಥಾಪನೆ. ಬಂಡವಾಳಕ್ಕೆ ಲಂಡನ್ನಿನವರು ಮುಖ ತಿರುಗಿಸಿದಾಗ ನಮ್ಮ ಬೊಂಬಾಯಿಯಲ್ಲೇ ಶೇರು ಮಾರಾಟಕ್ಕಿಟ್ಟರು. ಮೂರು ವಾರಗಳಲ್ಲಿ ಸುಮಾರು 8 ಸಾವಿರ ಭಾರತೀಯರು 2 ಕೋಟಿ ರೂಪಾಯಿಗೂ ಮಿಕ್ಕಿ ಹಣ ಕೊಟ್ಟರು. 1912ರಲ್ಲಿ ಉಕ್ಕು ಹೊರಬಂತು. 1919ರಲ್ಲಿ ಸಾಕ್ಚಿಗೆ ಜೆಮ್‌ಶೆಡ್‌ಪುರ ಎಂದು ಹೆಸರಾಯಿತು.

ಈ ಊರಿನ ವಿಷಯದಲ್ಲಿ ಒಂದು ಮಾತು. ತಾನು ಸಾಯುವ ಎರಡು ವರ್ಷ ಮೊದಲು, 1902ರಲ್ಲಿ, ಇನ್ನೂ ತಾಣವೇ ಗೊತ್ತಾಗದ ಆ ಊರು ಹೇಗಿರಬೇಕೆಂದು ಜೆಮ್‌ಶೆಟ್‌ಜಿ ಮಗನಿಗೆ ಪತ್ರ ಬರೆದಿದ್ದರು. ಅಗಲವಾದ ರಸ್ತೆ, ನೆರಳಿನ ಮರ, ದೇವಸ್ಥಾನ, ಮಸೀದಿ, ಇಗರ್ಜಿಗಳಿಗೆ ಜಾಗ, ಜೊತೆಗೆ ಫುಟ್‌ಬಾಲ್, ಹಾಕಿ ಆಡಲು ವಿಶಾಲ ಮೈದಾನ. ಆಟದ ಬಯಲನ್ನು ದೇವಸ್ಥಾನದ ಸಾಲಿನಲ್ಲೇ ಇಟ್ಟು ಬರೆದ ಆ ಪತ್ರ ಸರಿಯಾದ ಮಗನ ಕೈಗೇ ಸೇರಿತು ಎನ್ನಬೇಕು. ಜೆಮ್‌ಶೆಡ್‌ಪುರ ಇಂದಿಗೂ ಫುಟ್‌ಬಾಲಿಗೆ, ಬಿಲ್ಲುಗಾರಿಕೆಗೆ ಹೆಸರಾದ ಊರು.

ವಿದ್ಯುತ್ ಕಂಪೆನಿ 1910ರಲ್ಲಿ ಹುಟ್ಟಿ, ಖೋಪೋಲಿಯಿಂದ 1915ರಲ್ಲಿ ಬೊಂಬಾಯಿಯ ಗಿರಣಿಗಳಿಗೆ ವಿದ್ಯುತ್ ಬಂತು. ಮೈಸೂರು ಮಹಾರಾಜರು ಕೊಟ್ಟ 371 ಎಕ್ರೆ ಜಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಅಸ್ತಿತ್ವಕ್ಕೆ ಬಂದು, 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಬೆಂಗಳೂರಿಗರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು. 1910ರಲ್ಲಿ ದೊರಾಬ್ಜಿಗೆ 'ಸರ್' ಪದವಿ ಬಂತು. 1919ರಲ್ಲಿ ಅವರು ಹುಟ್ಟುಹಾಕಿದ ನ್ಯೂ ಇಂಡಿಯಾ ಅಶೂರೆನ್ಸ್ ಕಂಪೆನಿಯಲ್ಲಿ ಮುಂದೆ ನಮ್ಮ ಎಷ್ಟೋ ಕನ್ನಡಿಗರು ಅನ್ನ ಕಂಡುಕೊಂಡರು.

ಪುಣೆಯ ಮಣ್ಣಿನಿಂದ ಆಂಟ್‌ವರ್ಪ್‌ಗೆ

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟಕ್ಕೆ ದೊರಾಬ್ಜಿ ಅಧ್ಯಕ್ಷರಾಗಿ ಹೋದರು. ನಮ್ಮಲ್ಲಿ ಕ್ರೀಡಾಕೂಟಕ್ಕೆ ಅಧ್ಯಕ್ಷರಾಗಿ ಹೋಗುವವರು ಏನು ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ಬಲೂನು ಹಾರಿಸಿ, ಶಾಲು ಹೊದೆಸಿಕೊಂಡು, ಒಂದು ಓಟಕ್ಕೆ ಸೀಟಿ ಊದಿ, ಇನ್ನೊಂದು ಕಾರ್ಯಕ್ರಮವಿದೆ ಎಂದು ಹೊರಟುಬಿಡುತ್ತಾರೆ. ಅರುವತ್ತರ ಪ್ರಾಯದ ದೊರಾಬ್ಜಿ ಕುಳಿತು ನೋಡಿದರು. ಓಡುತ್ತಿದ್ದವರು ಬಹುಪಾಲು ರೈತರ ಮಕ್ಕಳು. ಕಾಲಿಗೆ ಬೂಟಿಲ್ಲ, ಕಲಿಸಿದ ಗುರುವಿಲ್ಲ. ಕೊನೆಯ ಸ್ಪರ್ಧೆ ಮೈಲುಗಟ್ಟಲೆ ದೂರದ ಓಟ. ಸ್ವತಃ ಆಟಗಾರರಾಗಿದ್ದ ದೊರಾಬ್ಜಿಯ ಕಣ್ಣಿಗೆ ಒಂದು ಸಂಗತಿ ಬಿತ್ತು. ಈ ಬರಿಗಾಲ ಹುಡುಗರು ಓಡಿದ ಸಮಯ ಯುರೋಪಿನವರ ಸಮಯದ ಜೊತೆ ಹೋಲಿಸಬಹುದಾದಷ್ಟು ಚೆನ್ನಾಗಿತ್ತು!

ಮರುವರ್ಷ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಒಲಿಂಪಿಕ್ಸ್. ಇವರಲ್ಲಿ ಕೆಲವರನ್ನಾದರೂ ಅಲ್ಲಿಗೆ ಕಳುಹಿಸಬೇಕೆಂದು ದೊರಾಬ್ಜಿ ಪಟ್ಟು ಹಿಡಿದರು. ಅಲ್ಲಿಯವರೆಗೆ ಭಾರತದ ಹೆಸರಿನಲ್ಲಿ ಒಲಿಂಪಿಕ್ಸ್‌ಗೆ ಹೋದವರು 1900ರ ಪ್ಯಾರಿಸ್ ಕೂಟದಲ್ಲಿ ಓಡಿದ ನಾರ್ಮನ್ ಪ್ರಿಚರ್ಡ್ ಒಬ್ಬರೇ. ತಂಡ ಎಂಬುದು ಹೋದದ್ದೇ ಇಲ್ಲ. ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವು ಪಡೆದು, ಬ್ರಿಟನ್ನಿನ ಒಲಿಂಪಿಕ್ ಸಮಿತಿಯ ಮೂಲಕ ಭಾರತಕ್ಕೆ ಆಹ್ವಾನ ಬರುವಂತೆ ಮಾಡಿದರು. ಖರ್ಚಿಗೆ ತಮ್ಮ ಕೈಯಿಂದ ಹಣ ಹಾಕಿ, ಸರಕಾರದಿಂದಲೂ ಸಾರ್ವಜನಿಕರಿಂದಲೂ ಉಳಿದದ್ದನ್ನು ಕೂಡಿಸಿದರು. ನಮ್ಮಲ್ಲಿ ಆಗ ಒಲಿಂಪಿಕ್ಸಿನ ಅರಿವು ಎಷ್ಟಿತ್ತೆಂಬುದಕ್ಕೆ ಒಂದು ಪ್ರಸಂಗ ಹೇಳುವುದುಂಟು. ನೂರು ಮೀಟರ್ ಓಟಕ್ಕೆ ಒಲಿಂಪಿಕ್ಸ್‌ನಲ್ಲಿ ಎಷ್ಟು ಸಮಯ ಬೇಕಾಗುತ್ತದೆ ಎಂದು ಸಂಘಟಕರೊಬ್ಬರನ್ನು ಕೇಳಿದಾಗ ಅವರು, ಒಂದರಿಂದ ಎರಡು ನಿಮಿಷ ಇರಬಹುದು ಎಂದರಂತೆ. ಅಲ್ಲಿ ಲೆಕ್ಕ ನಿಮಿಷದ್ದಲ್ಲ, ಸೆಕೆಂಡಿನ ಹತ್ತನೇ ಒಂದು ಭಾಗದ್ದು ಎಂದು ತಿಳಿದಾಗ ಅವರು ದಂಗಾದರಂತೆ.

ಕೊನೆಗೆ ಹಡಗು ಹತ್ತಿದವರು ಆರು ಮಂದಿ ಕ್ರೀಡಾಳುಗಳು. ಓಟಕ್ಕೆ ಪೂರ್ಮ ಬ್ಯಾನರ್ಜಿ, ಫಡೆಪ್ಪ ಚೌಗುಲೆ, ಸದಾಶಿವ ದಾತಾರ್, ಕೈಕಾಡಿ. ಕುಸ್ತಿಗೆ ಕುಮಾರ್ ನವಲೆ ಮತ್ತು ರಣಧೀರ್ ಶಿಂದೆ. ಇವರಲ್ಲಿ ಫಡೆಪ್ಪ ದರೆಪ್ಪ ಚೌಗುಲೆ ಬೆಳಗಾವಿಯವರು. ಆಗ ಬೆಳಗಾವಿ ಬೊಂಬಾಯಿ ಪ್ರಾಂತದ ಜಿಲ್ಲೆ. ಗಡಿಯ ಜಗಳ ಇಲ್ಲಿ ಬೇಡ, ಫಡೆಪ್ಪ, ದರೆಪ್ಪ ಎಂಬ ಹೆಸರುಗಳ ಕೊನೆಗಿರುವ 'ಅಪ್ಪ' ಯಾವ ಮಣ್ಣಿನದೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

1920ರ ಆಗಸ್ಟ್ 22ರ ಮ್ಯಾರಥಾನ್ ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ್ದು, 42.75 ಕಿಲೋಮೀಟರ್. ಫಿನ್ಲೆಂಡಿನ ಹ್ಯಾನೆಸ್ ಕೊಲೆಮೈನೆನ್ ಗೆದ್ದರು. ಜಗತ್ತಿನ ಹೆಸರಾಂತ ಓಟಗಾರರ ನಡುವೆ ನಮ್ಮ ಫಡೆಪ್ಪ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೇ ಸ್ಥಾನ ಪಡೆದರು. ಒಂದು ವರ್ಷದ ಹಿಂದೆ ಒಲಿಂಪಿಕ್ಸಿನ ದಾರಿಯೇ ಇಲ್ಲದಿದ್ದ ದೇಶದ ಹುಡುಗ ಅವರು. ಕುಸ್ತಿಯಲ್ಲಿ ಶಿಂದೆ ಕಂಚಿನ ಪದಕದ ಸೆಣಸಾಟದಲ್ಲಿ ಸೋತು ನಾಲ್ಕನೆಯವರಾದರು. ಪದಕ ಬರಲಿಲ್ಲ ಎಂದು ಮೂಗು ಮುರಿಯುವವರು ಇಂದೂ ಇದ್ದಾರೆ, ಅಂದೂ ಇದ್ದಿರಬೇಕು. ದೊರಾಬ್ಜಿ ಮಾತ್ರ ಅಲ್ಲಿಗೇ ಬಿಡಲಿಲ್ಲ. ಅದೇ ವರ್ಷ ಅವರು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರೇ. 2023ರ ಅಕ್ಟೋಬರಿನಲ್ಲಿ ಅದೇ ಸಮಿತಿಯ ಅಧಿವೇಶನ ನಮ್ಮ ಮುಂಬಯಿಯಲ್ಲಿ ವಿಜೃಂಭಣೆಯಿಂದ ಜರಗಿದ್ದು ಓದುಗರಿಗೆ ನೆನಪಿರಬಹುದು.

1924: ಒಂದು ಕೈಯಲ್ಲಿ ಅಡವು, ಇನ್ನೊಂದು ಕೈಯಲ್ಲಿ ಆಟ

ಬ್ಯಾಂಕಿನಲ್ಲಿ ಮೂರು ದಶಕ ಕಳೆದ ನನ್ನಂಥವನಿಗೆ ದೊರಾಬ್ಜಿಯ ಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚು ತಟ್ಟುವುದು 1924ನೇ ಇಸವಿ. ಯುದ್ಧ ಮುಗಿದ ಬಳಿಕ ಉಕ್ಕಿನ ಕಾರ್ಖಾನೆಯ ವಿಸ್ತರಣೆಗೆ ದೊಡ್ಡ ಮೊತ್ತ ಸುರಿಯಲಾಗಿತ್ತು. ಸಾಮಾನುಗಳ ಬೆಲೆ ಏರಿತು, ಉಕ್ಕಿನ ಬೆಲೆ ಕುಸಿಯಿತು. ದೊಡ್ಡ ಗಿರಾಕಿಯಾಗಿದ್ದ ಜಪಾನ್ 1923ರ ಭೂಕಂಪದಿಂದ ನೆಲ ಕಚ್ಚಿತು. ಟಾಟಾಗಳೇ 1917ರಲ್ಲಿ ತೆರೆದಿದ್ದ ಟಾಟಾ ಇಂಡಸ್ಟ್ರಿಯಲ್ ಬ್ಯಾಂಕ್ 1923ರಲ್ಲಿ ಸೆಂಟ್ರಲ್ ಬ್ಯಾಂಕಿನಲ್ಲಿ ವಿಲೀನಗೊಂಡಿತ್ತು, ಹಾಗಾಗಿ ಮನೆಯ ಬ್ಯಾಂಕೂ ಇಲ್ಲ. ಕೊನೆಗೊಂದು ದಿನ ಜೆಮ್‌ಶೆಡ್‌ಪುರದಿಂದ ತಂತಿ ಬಂತು, ಕಾರ್ಮಿಕರ ಸಂಬಳಕ್ಕೆ ಹಣವಿಲ್ಲ ಎಂದು.

ದೊರಾಬ್ಜಿ ತಮ್ಮ ಸ್ವಂತ ಆಸ್ತಿಯನ್ನೆಲ್ಲ, ಹೆಂಡತಿಯ ಒಡವೆಗಳ ಸಹಿತ, ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಒಂದು ಕೋಟಿ ರೂಪಾಯಿ ಸಾಲ ಎತ್ತಿದರು. ಮುಂದೆ 1955ರಲ್ಲಿ ಸ್ಟೇಟ್ ಬ್ಯಾಂಕ್ ಆದದ್ದು ಅದೇ ಬ್ಯಾಂಕು. ಆ ಒಡವೆಗಳಲ್ಲಿ ಜ್ಯುಬಿಲಿ ವಜ್ರವೂ ಇತ್ತು. ದಕ್ಷಿಣ ಆಫ್ರಿಕದಲ್ಲಿ ಸಿಕ್ಕಿದ ಈ ವಜ್ರ 245 ಕ್ಯಾರೆಟ್ಟಿನದು, ಈಗಿನ ಕೊಹಿನೂರಿನ ಎರಡು ಪಾಲಿಗೂ ಮಿಕ್ಕಿದ್ದು. ದೊರಾಬ್ಜಿ ಅದನ್ನು ಮೆಹರ್‌ಬಾಯಿಗೆಂದು ಪ್ರೀತಿಯಿಂದ ಕೊಂಡು ತಂದಿದ್ದರು.

ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಬಳೆ ಬಿಚ್ಚಿ ಮೇಜಿನ ಮೇಲಿಡುವ ಹೆಂಗಸು ಮಾತಾಡುವುದಿಲ್ಲ. ತೂಕ ಹಾಕುವವರೆಗೂ ಅವಳ ಕಣ್ಣು ತಕ್ಕಡಿಯ ಮೇಲಿರುತ್ತದೆ, ಗಂಡನ ಕಣ್ಣು ನೆಲದ ಮೇಲೆ. ಮಗಳ ಮದುವೆಗೆ, ಹೊಟೇಲಿನ ಡಿಪಾಸಿಟ್ಟಿಗೆ, ಊರಿನ ಮನೆಯ ಮಾಡಿಗೆ ಅಡವಿಡುವವರನ್ನು ನೋಡಿದ್ದೇನೆ. ನೌಕರರಿಗೆ ಸಂಬಳ ಕೊಡಲು ಹೆಂಡತಿಯ ಕೊರಳಿನದನ್ನು ತಂದಿಟ್ಟ ಧಣಿಗಳು ನನ್ನ ಕೌಂಟರಿಗೆ ಬಂದದ್ದು ಕಡಿಮೆ. ಬಂದವರಲ್ಲಿ ಇಬ್ಬರು ನಮ್ಮ ಹೊಟೇಲಿನವರೇ, ಹೆಸರು ಹೇಳುವುದು ಅವರಿಗೆ ಇಷ್ಟವಾಗದು.

ಇನ್ನು ಅದೇ 1924ರ ಇನ್ನೊಂದು ಮುಖ ನೋಡಿ. ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಅಖಿಲ ಭಾರತ ಮಟ್ಟದ ಕ್ರೀಡಾಕೂಟ ನಡೆಯಿತು. ವೈ.ಎಂ.ಸಿ.ಎ.ಯ ಡಾ. ನೋರೆನ್ ಹಾಗೂ ಮದರಾಸಿನ ದೈಹಿಕ ಶಿಕ್ಷಣ ಕಾಲೇಜಿನ ಹ್ಯಾರಿ ಬಕ್ ಇವರು ಪ್ರಾಂತ ಪ್ರಾಂತಗಳಲ್ಲಿ ಓಡಾಡಿ ಹುಡುಗರನ್ನು ಆರಿಸಲು ನೆರವಾದರು. ಅಲ್ಲಿ ಗೆದ್ದವರಿಂದ ಆರಿಸಿದ ತಂಡ ಆ ಬೇಸಗೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಯಿತು. ಈ ತಂಡದ ಖರ್ಚಿಗೂ ದೊರಾಬ್ಜಿ ಹಣ ಕೊಟ್ಟರು. ಮನೆಯ ಆಸ್ತಿಯೇ ಬ್ಯಾಂಕಿನ ತಿಜೋರಿ ಸೇರಿದ ವರ್ಷದಲ್ಲಿ ಯಾರದೋ ಮಕ್ಕಳ ಓಟಕ್ಕೆ ಹಣ! ಈ ವರ್ಷ ವ್ಯಾಪಾರ ಸರಿಯಿಲ್ಲ, ಮುಂದಿನ ವರ್ಷ ನೋಡೋಣ ಎಂದು ಅವರು ಹೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ದೇಣಿಗೆ ಪುಸ್ತಕ ಹಿಡಿದು ಗಲ್ಲಿ ಗಲ್ಲಿ ತಿರುಗಿದ ಸಂಘದ ಕಾರ್ಯಕರ್ತರಿಗೆ ಆ ವಾಕ್ಯ ಬಾಯಿಪಾಠವಿದೆ.

ಸರಕಾರ 1924ರಲ್ಲೇ ದೇಶಿ ಉಕ್ಕಿಗೆ ಸುಂಕದ ರಕ್ಷಣೆ ಕೊಟ್ಟಿತು, ಕಾರ್ಖಾನೆ ನಿಧಾನವಾಗಿ ಚೇತರಿಸಿಕೊಂಡಿತು. ವಜ್ರವೂ ಬಿಡಿಸಿಕೊಂಡು ಮನೆಗೆ ಬಂತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾದಾಗ ದೊರಾಬ್ಜಿ ಅದರ ಮೊದಲ ಅಧ್ಯಕ್ಷರು. ಮರುವರ್ಷ ಪಟಿಯಾಲದ ಮಹಾರಾಜರಿಗೆ ಆ ಸ್ಥಾನ ಹಸ್ತಾಂತರವಾಯಿತು. 1928ರ ಮೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಭಾರತದ ಹಾಕಿ ತಂಡ ಮೊದಲ ಚಿನ್ನದ ಪದಕ ಗೆದ್ದಿತು. ಧ್ಯಾನ್‌ಚಂದರ ಹೆಸರು ಜಗತ್ತಿಗೆ ಗೊತ್ತಾದದ್ದು ಅಲ್ಲಿಂದ.

ಕೊನೆಯ ಒಂದು ವರ್ಷ

1918ರಲ್ಲೇ ತಮ್ಮ ರತನ್‌ಜಿ ಇಂಗ್ಲೆಂಡಿನಲ್ಲಿ ತೀರಿಕೊಂಡಿದ್ದರು. 1931ರ ಜೂನ್ 18ರಂದು ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ವೇಲ್ಸ್‌ನ ನರ್ಸಿಂಗ್ ಹೋಮೊಂದರಲ್ಲಿ ಕಣ್ಣುಮುಚ್ಚಿದರು. ಅವರಿಗಿನ್ನೂ ಐವತ್ತೆರಡು ತುಂಬಿರಲಿಲ್ಲ. ಲಂಡನ್ ಸಮೀಪದ ಬ್ರೂಕ್‌ವುಡ್‌ನಲ್ಲಿ, ಮಾವ ಜೆಮ್‌ಶೆಟ್‌ಜಿ ಮಲಗಿರುವ ನೆಲದಲ್ಲೇ, ಅವರ ಸಮಾಧಿಯಾಯಿತು.

ಎಪ್ಪತ್ತೆರಡರ ದೊರಾಬ್ಜಿ ಆ ಬಳಿಕ ಹೆಚ್ಚು ದಿನ ಬದುಕಲಿಲ್ಲ, ಆದರೆ ಉಳಿದ ದಿನಗಳನ್ನು ಲೆಕ್ಕ ಚುಕ್ತಾ ಮಾಡಲು ಬಳಸಿದರು. ಹೆಂಡತಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರ್ ಸಂಶೋಧನೆಗೆ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್. ತಮ್ಮಲ್ಲಿದ್ದ ಎಲ್ಲವನ್ನೂ, ಶೇರು, ಸ್ಥಿರಾಸ್ತಿ, ಕೊನೆಗೆ ಆ ಜ್ಯುಬಿಲಿ ವಜ್ರವನ್ನೂ ಸೇರಿಸಿ, 1932ರ ಮಾರ್ಚಿನಲ್ಲಿ ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಬರೆದುಕೊಟ್ಟರು. ಅಂದಿನ ಅಂದಾಜಿನಲ್ಲಿ ಒಂದು ಕೋಟಿ ರೂಪಾಯಿ. ಜಾತಿ, ಮತ, ದೇಶದ ಭೇದ ಅದರಲ್ಲಿರಲಿಲ್ಲ. ಅದಾಗಿ ಹೆಂಡತಿಯ ಮೊದಲ ವರ್ಷದ ಪುಣ್ಯತಿಥಿಗೆ ಸಮಾಧಿಯ ಬಳಿ ಇರಬೇಕೆಂದು ಹೊರಟರು. ದಾರಿಯಲ್ಲಿ ಜರ್ಮನಿಯ ಬಾಡ್ ಕಿಸಿಂಗೆನ್‌ನಲ್ಲಿ 1932ರ ಜೂನ್ 3ರಂದು ನಿಧನರಾದರು. ಪುಣ್ಯತಿಥಿಗೆ ಹದಿನೈದು ದಿನ ಬಾಕಿಯಿತ್ತು. ಬ್ರೂಕ್‌ವುಡ್‌ನಲ್ಲಿ ಮೆಹರ್‌ಬಾಯಿಯ ಪಕ್ಕದಲ್ಲೇ ಅವರನ್ನು ಮಲಗಿಸಿದರು.

ವಜ್ರವನ್ನು ಟ್ರಸ್ಟಿನವರು ಮಾರಿದರು, ಅದು ವಿದೇಶಿಯರ ಪಾಲಾಯಿತು. ಹಣ ಮಾತ್ರ ಇಲ್ಲಿಗೆ ಬಂತು. 1936ರಲ್ಲಿ ಸಮಾಜಸೇವೆಯ ಶಾಲೆ, ಅಂದರೆ ಇಂದು ದೇವನಾರ್‌ನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. 1941ರ ಫೆಬ್ರವರಿ 28ರಂದು ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ. 1945ರಲ್ಲಿ ಸೋದರಳಿಯ ಹೋಮಿ ಭಾಭಾ ಅವರ ಮೂಲಭೂತ ಸಂಶೋಧನಾ ಸಂಸ್ಥೆ, ಅದರ ಮೊದಲ ಕೆಲಸ ಆರಂಭವಾದದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ. ಆಸ್ಪತ್ರೆಯನ್ನು ಈಗ ನಡೆಸುತ್ತಿರುವುದು ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆ, ಆದರೆ ಹೆಸರು ಟಾಟಾದ್ದೇ ಉಳಿದಿದೆ.

ನಮ್ಮ ಸಂಘ-ಸಂಸ್ಥೆಗಳಲ್ಲಿ ಕೊಡುಗೈ ದಾನಿಗಳಿಗೆ ಬರವಿಲ್ಲ. ಸಭಾಭವನಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ, ವಿದ್ಯಾರ್ಥಿವೇತನಕ್ಕೆ ಲಕ್ಷಗಟ್ಟಲೆ ಕೊಡುವವರಿದ್ದಾರೆ, ಅವರ ಋಣ ದೊಡ್ಡದು. ಆದರೆ ವಾರ್ಷಿಕ ಕ್ರೀಡಾಕೂಟದಲ್ಲಿ ನೂರು ಮೀಟರಿನಲ್ಲಿ ಪ್ರತಿವರ್ಷ ಗೆಲ್ಲುವ ಆ ಹುಡುಗಿಗೆ ಮರುದಿನ ಬೆಳಗ್ಗೆ ಓಡಲು ಜಾಗ, ಒಳ್ಳೆಯ ಬೂಟು, ರಾಜ್ಯಮಟ್ಟದ ಕೂಟಕ್ಕೆ ರೈಲಿನ ಟಿಕೇಟು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಎಷ್ಟು ಮಹಾಸಭೆಗಳಲ್ಲಿ ಎದ್ದಿದೆ? ನಾನು ಬಿ.ಕಾಂ. ಮಾಡಿದ್ದು ಸಂಜೆ ಕಾಲೇಜಿನಲ್ಲಿ. ಹಗಲು ಹೊಟೇಲಿನಲ್ಲಿ, ಕಚೇರಿಯಲ್ಲಿ ದುಡಿದು ರಾತ್ರಿ ತರಗತಿಗೆ ಬರುತ್ತಿದ್ದ ಸಹಪಾಠಿಗಳಲ್ಲಿ ಕಬಡ್ಡಿಯಲ್ಲಿ, ವಾಲಿಬಾಲಿನಲ್ಲಿ ಯಾರಿಗೂ ಕಡಿಮೆಯಿಲ್ಲದವರು ನಾಲ್ಕೈದು ಮಂದಿಯಾದರೂ ಇದ್ದರು. ಭಾನುವಾರದ ಮೈದಾನದಾಚೆಗೆ ಅವರನ್ನು ಯಾರೂ ನೋಡಲಿಲ್ಲ. ಅವರಲ್ಲಿ ಒಬ್ಬಾತ ಈಗ ಡೊಂಬಿವಲಿಯಲ್ಲಿ ಮೊಮ್ಮಗನನ್ನು ಕ್ರಿಕೆಟ್ ಅಭ್ಯಾಸಕ್ಕೆ ಬೆಳಗಿನ ಮೊದಲ ಲೋಕಲಿನಲ್ಲಿ ಕರೆದೊಯ್ಯುತ್ತಾನೆ.

ದೊರಾಬ್ಜಿ ಕಟ್ಟಿದ ಶಾಲೆಗಳ ಸಂಘದ ಕೆಲಸವನ್ನು ಇಂದು ಮುಂಬಯಿ ಶಾಲಾ ಕ್ರೀಡಾ ಸಂಘ ಮುಂದುವರಿಸಿಕೊಂಡು ಬಂದಿದೆ. ಕ್ರಿಕೆಟ್ ಮಾತ್ರವಲ್ಲದೆ ಫುಟ್‌ಬಾಲ್, ಹಾಕಿ, ಓಟ ಮುಂತಾದ ಸ್ಪರ್ಧೆಗಳೂ ಅದರ ಆಶ್ರಯದಲ್ಲಿ ನಡೆಯುತ್ತವೆ. ಭಾಗವಹಿಸಲು ಮಕ್ಕಳು ಶಾಲೆಯ ಮೂಲಕವೇ ಹೆಸರು ಕೊಡಬೇಕು. ಮಕ್ಕಳ ಶಾಲೆ ಸಂಘದ ಸದಸ್ಯತ್ವ ಪಡೆದಿದೆಯೇ ಎಂದು ಪಾಲಕರು ವರ್ಷದ ಆರಂಭದಲ್ಲೇ ದೈಹಿಕ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.